ಜಗಲಿ ಲೈಟಿಗೆ ಬಂದ ಪಿಟೀಲು ಹುಳ ಆಫ್ರಿಕಾದ್ದಾ, ನಮ್ಮ ಗುಡ್ಡದ್ದಾ?

ಓದುಗರ ಪ್ರಶ್ನೆ:

"ಸರ್, ನಮ್ದು ಚಳ್ಳಕೆರೆ ಕಡೆ ಹಳ್ಳಿ, ತೋಟದ ಮನೆ, ಮನೆ ಹಿಂದೆ ಪೂರ್ತಿ ಕುರುಚಲು ಗುಡ್ಡ. ಹೋದ ವಾರ ರಾತ್ರಿ ಜಗಲಿ ಲೈಟ್ ಕೆಳಗೆ ಗೋಡೆ ಮೇಲೆ ಒಂದು ಒಣ ಕಡ್ಡಿ ಅಂಟ್ಕೊಂಡಿತ್ತು, ಪೊರಕೆ ತಗೊಂಡು ತಳ್ಳೋಕೆ ಹೋದ್ರೆ ಕಡ್ಡಿ ತಲೆ ತಿರುಗಿಸಿ ನನ್ನ ನೋಡ್ತು. ಸೂರ್ಯನ ಕುದುರೆ ಥರಾನೇ ಮುಂಗಾಲು ಮಡಚಿಕೊಂಡಿದೆ ಆದ್ರೆ ಹಸಿರು ಅಲ್ಲ, ಪೂರ್ತಿ ತರಗೆಲೆ ಬಣ್ಣ. ಕುತ್ತಿಗೆ ಬೆಂಕಿಕಡ್ಡಿ ಥರ ಸಣ್ಣ, ಮೇಲ್ಗಡೆ ಒಂದು ಅಗಲ ಎಲೆ ಅಂಟಿಸಿದಂಗಿದೆ, ಕಾಲಲ್ಲೂ ಸಣ್ಣ ಸಣ್ಣ ಎಲೆ, ತಲೆ ಮೇಲೆ ಕಿರೀಟದಂಥ ಕೊಂಬು, ಮೀಸೆ ಎರಡೂ ಬಾಚಣಿಗೆ ಇದ್ದಂಗೆ. ಸ್ಕೇಲ್ ಹಿಡಿದು ನೋಡಿದೆ, 9 ಸೆಂಟಿಮೀಟರ್ ಮೇಲಿದೆ. ಹತ್ರ ಹೋದ್ರೆ ಗಾಳಿಗೆ ಅಲ್ಲಾಡೋ ಥರ ಹಿಂದೆ ಮುಂದೆ ತೂಗಾಡತ್ತೆ. ಮಗಳು ಗಾಜಿನ ಬಾಟಲಿಗೆ ಹಾಕಿ ಇಟ್ಕೊಂಡಿದಾಳೆ, ಹುಲ್ಲು ಹಾಕಿದ್ರೆ ತಿನ್ನಲ್ಲ, ಮಿಡತೆ ಬಿಟ್ರೂ ತಿನ್ನಲ್ಲ. ನಮ್ಮತ್ತೆ ಹೇಳೋದು ಇದು ವಿಷದ ಹುಳ, ಮೇಕೆ ಮೇವಿನ ಜೊತೆ ತಿಂದ್ರೆ ಹೊಟ್ಟೆ ಉಬ್ಬಿ ಸಾಯತ್ತೆ, ಸಾಯಿಸಿಬಿಡಿ ಅಂತ. ವಾಟ್ಸಾಪ್ ಗ್ರೂಪಲ್ಲಿ ಫೋಟೋ ಹಾಕಿದ್ರೆ ಒಬ್ಬರು ಇದು ಆಫ್ರಿಕಾದ ಡೆವಿಲ್ಸ್ ಫ್ಲವರ್ ಮ್ಯಾಂಟಿಸ್, ಯಾರೋ ಸಾಕಿದ್ದು ತಪ್ಪಿಸಿಕೊಂಡಿದೆ ಅಂದ್ರು, ಇನ್ನೊಬ್ಬರು ದುಡ್ಡು ಕೊಡ್ತೀನಿ ಕೊಡಿ ಅಂತಿದಾರೆ. ಬೇಲಿ ಜಾಲಿ ಕೊಂಬೆ ಮೇಲೆ ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕ, ಕಂದು ಬಣ್ಣದ ಒಣಗಿದ ನೊರೆ ಥರದ ಉಂಡೆನೂ ಇದೆ, ಅದು ಇದರ ಮೊಟ್ಟೆನಾ? ಇದು ಯಾವ ಜಾತಿ, ನಮ್ಮ ಕಡೆ ಇರೋದೇನಾ, ಇಟ್ಕೋಬೇಕಾ ಬಿಡಬೇಕಾ? ಮೂರು ಫೋಟೋ ಕಳಿಸಿದೀನಿ."

ಉತ್ತರ:

ಅಮ್ಮಾ, ಫೋಟೋ ನೋಡಿದೆ, ಮೂರನೇದು ನೋಡ್ತಿದ್ದಂಗೆ ಡೌಟೇ ಉಳೀಲಿಲ್ಲ. ಇದು ಗೊಂಗಿಲಸ್ ಗೊಂಗಿಲೋಡಿಸ್. ಇಂಗ್ಲಿಷಲ್ಲಿ ವಯೊಲಿನ್ ಮ್ಯಾಂಟಿಸ್ ಅಂತಾರೆ, ನಾನು ಕನ್ನಡದಲ್ಲಿ ಪಿಟೀಲು ಸೂರ್ಯನ ಕುದುರೆ ಅಂತ ಕರೀತೀನಿ, ಉದ್ದ ಸಣ್ಣ ಕತ್ತು, ಕೆಳಗೆ ಅಗಲ ಹೊಟ್ಟೆ, ಪಕ್ಕದಿಂದ ನೋಡಿದ್ರೆ ಪಿಟೀಲೇ ನೆನಪಾಗತ್ತೆ. ನಿಮಗೆ ಸಿಕ್ಕಿರೋದು ಗಂಡು. ಇದು ಆಫ್ರಿಕಾದಿಂದ ಬಂದಿದ್ದಲ್ಲ, ಯಾರ ಮನೆಯಿಂದಾನೂ ತಪ್ಪಿಸಿಕೊಂಡಿದ್ದಲ್ಲ. ನಿಮ್ಮ ಮನೆ ಹಿಂದಿನ ಗುಡ್ಡ ಇದೆಯಲ್ಲ, ಅಂಥ ಒಣ ಕುರುಚಲೇ ಇದರ ಮನೆ. ದಯವಿಟ್ಟು ಮೊದಲ ಕೆಲಸ, ಬಾಟಲಿಯಿಂದ ತೆಗೀರಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಈಗ ಇದನ್ನ ಹೆಂಗೆ ಗುರುತು ಹಿಡಿಯೋದು ಅನ್ನೋದು ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ನಿಮ್ಮ ಥರದ ಫೋಟೋ ನನಗೆ ಬರ್ತಾನೇ ಇರತ್ತೆ, ಹತ್ತರಲ್ಲಿ ಐದಾರು ಬೇರೆ ಏನೋ ಆಗಿರತ್ತೆ. ನೀವು ಕುತ್ತಿಗೆ ಅಂದಿದ್ದು ನಿಜಕ್ಕೂ ಕುತ್ತಿಗೆ ಅಲ್ಲ, ಅದು ಎದೆಯ ಮೊದಲ ಭಾಗ, ಹೆಚ್ಚಿನ ಸೂರ್ಯನ ಕುದುರೆಗಳಲ್ಲಿ ಈ ಭಾಗ ಉದ್ದಾನೇ, ಆದ್ರೆ ಇದರಲ್ಲಿ ಅದು ಎಷ್ಟು ಸಣ್ಣಗೆ ಎಳೆದಂಗಿದೆ ಅಂದ್ರೆ ಕಡ್ಡಿ ಅನ್ನೋದಕ್ಕೆ ಬೇರೆ ಪದ ಇಲ್ಲ. ಆ ಕಡ್ಡಿಯ ಮೇಲ್ತುದಿಯಲ್ಲಿ, ಮುಂಗಾಲು ಹುಟ್ಟೋ ಜಾಗದಲ್ಲಿ, ಎರಡೂ ಪಕ್ಕಕ್ಕೆ ಚಾಚಿಕೊಂಡಿರೋ ಒಂದು ಗಾಳಿಪಟದ ಆಕಾರದ ಎಲೆ ಇರತ್ತೆ. ಕಡ್ಡಿ ಉದ್ದ, ಎಲೆ ತುದಿಗೆ ಮಾತ್ರ, ಈ ಎರಡೂ ಒಟ್ಟಿಗೆ ಕಂಡ್ರೆ ನಮ್ಮ ದಕ್ಷಿಣ ಭಾರತದಲ್ಲಿ ಬೇರೆ ಹುಳಕ್ಕೆ ಕನ್ಫ್ಯೂಸ್ ಆಗೋ ಚಾನ್ಸ್ ತೀರಾ ಕಮ್ಮಿ. ಉಳಿದಿದ್ದೆಲ್ಲ, ತಲೆ ಮೇಲಿನ ಕೊಂಬು, ನಡುಗಾಲು ಹಿಂಗಾಲಿನ ತೊಡೆ ತುದಿಯ ಎಲೆ ತುಂಡು, ಹೊಟ್ಟೆ ಅಂಚಿನ ಹರಕಲು ಎಲೆ, ಇವು ಪಕ್ಕಾ ಮಾಡ್ಕೊಳೋಕೆ.

ಮೀಸೆ ನೋಡಿ ಗಂಡು ಹೆಣ್ಣು ಹೇಳಬಹುದು. ಗಂಡಿನ ಮೀಸೆ ಎರಡೂ ಕಡೆ ಹಲ್ಲಿರೋ ಬಾಚಣಿಗೆ, ಅಥವಾ ಹಕ್ಕಿ ಗರಿ ಅನ್ನಿ. ಹೆಣ್ಣಿಂದು ಬರೀ ದಾರ. ಹೆಣ್ಣು ರಾತ್ರಿ ಗಾಳಿಗೆ ಬಿಡೋ ವಾಸನೆಯನ್ನ ಗಂಡು ದೂರದಿಂದ ಹಿಡೀಬೇಕು, ಅದಕ್ಕೆ ಮೀಸೆ ಅಷ್ಟು ಅಗಲ, ಪತಂಗಗಳಲ್ಲೂ ಇದೇ ಏರ್ಪಾಡು. ಹೆಣ್ಣು ಇನ್ನೂ ದೊಡ್ಡದು, ಹತ್ತಿರ ಹತ್ತಿರ 11 ಸೆಂಟಿಮೀಟರ್ ಆಗತ್ತೆ, ಮೈ ಭಾರ. ಗಂಡು ಹಗುರ, ಚೆನ್ನಾಗಿ ಹಾರತ್ತೆ, ಹೆಣ್ಣು ಹುಡುಕೋಕೆ ರಾತ್ರಿ ಹೊರಡೋ ಗಂಡೇ ಲೈಟಿಗೆ ಬಂದು ಸಿಕ್ಕಾಕೊಳೋದು. ಅಂದ್ರೆ ನಿಮ್ಮ ಜಗಲಿಗೆ ಬಂದಿದ್ದು ದಾರಿ ತಪ್ಪಿದ ಒಂಟಿ ಹುಳ ಅಲ್ಲ, ಸುತ್ತಮುತ್ತಲ ಗುಡ್ಡದಲ್ಲಿ ಇದರ ಬಳಗ ಇರೋ ಸಾಧ್ಯತೆನೇ ಹೆಚ್ಚು, ನಿಮ್ಮ ಪ್ರಶ್ನೆಯಲ್ಲಿ ನನಗೆ ಖುಷಿ ಕೊಟ್ಟಿದ್ದು ಅದೇ.

ಒಂದ್ಸಲ ಮಟಮಟ ಮಧ್ಯಾಹ್ನ ಅಂಥದ್ದೇ ಒಂದು ಕುರುಚಲಲ್ಲಿ ಬೇರೆ ಏನೋ ಹುಡುಕ್ತಾ ತಂಗಡಿ ಗಿಡದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದೆ. ಗಿಡದ ಒಳಗೆ ಒಂದು ಒಣ ಕಡ್ಡಿ, ಅದರ ತುದಿಗೆ ನಸು ನೇರಳೆ ಬಣ್ಣದ ಒಂದು ಹೂವು. ತಂಗಡಿ ಹೂವು ಹಳದಿ, ಇಲ್ಲಿ ನೇರಳೆ ಎಲ್ಲಿಂದ ಬಂತು ಅಂತ ಮುಖ ಹತ್ರ ತಗೊಂಡು ಹೋದೆ. ಆ ಹೂವಿನ ಮಧ್ಯೆ ಕಪ್ಪು ಕಂದು ಚುಕ್ಕೆ, ಹೂವಿನ ಗಂಟಲು ಇದ್ದಂಗೆ. ಆಮೇಲೆ ಅದರ ಪಕ್ಕದಲ್ಲೇ ಎರಡು ಕಣ್ಣು ಕಂಡ್ವು. ತಲೆಕೆಳಗಾಗಿ ನೇತಾಡ್ತಿದ್ದ ಹೆಣ್ಣು ಪಿಟೀಲು ಅದು. ಮೇಲಿಂದ ನೋಡಿದ್ರೆ ಆ ಗಾಳಿಪಟದ ಎಲೆ ಬರೀ ತರಗೆಲೆ ಕಂದು, ಆದ್ರೆ ಅದರ ಕೆಳಮೈ ನೀಲಿ ಮಿಶ್ರ ನೇರಳೆ, ಹುಳ ಹೆಚ್ಚಾಗಿ ತಲೆಕೆಳಗೆ ನೇತಾಡೋದ್ರಿಂದ ಆ ಕೆಳಮೈಯೇ ಹೊರಗೆ ತೋರತ್ತೆ. ಒಂದು ನೊಣ ಬಂತು, ಹುಳ ಅಲ್ಲಾಡಲಿಲ್ಲ, ಇನ್ನೊಂದು ಸ್ವಲ್ಪ ಹತ್ರ ಬಂತು, ಮುಂಗಾಲು ಯಾವಾಗ ಹೋಯ್ತು ಯಾವಾಗ ಬಂತು ಗೊತ್ತಾಗಲಿಲ್ಲ, ನೊಣ ಬಾಯಲ್ಲಿತ್ತು. ನೀವೂ ಹುಳ ಬಿಡೋಕೆ ಮುಂಚೆ ಕೆಳಗಿಂದ ಒಂದು ಫೋಟೋ ತೆಗೀರಿ, ಮಗಳಿಗೆ ಆ ಬಣ್ಣ ತೋರಿಸಿ.

ಈ ನೇರಳೆ ವಿಷಯ ಹೊಸದೇನಲ್ಲ. 1877ರಲ್ಲೇ ಕಲ್ಕತ್ತಾದ ಮ್ಯೂಸಿಯಂನಲ್ಲಿದ್ದ ಜಾನ್ ಆಂಡರ್ಸನ್ ಅನ್ನೋರು ಅಲ್ಲಿನ ಏಷ್ಯಾಟಿಕ್ ಸೊಸೈಟಿ ಮುಂದೆ ಈ ಗುಂಪಿನ ಹುಳಗಳನ್ನ ಇಟ್ಟು, ಕೆಳಗಿಂದ ನೋಡಿದ್ರೆ ಥೇಟ್ ಹೂವು ಅಂತ ವಿವರಿಸಿದ್ರು. ಹೆಸರಂತೂ ಇನ್ನೂ ಹಳೇದು, 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಪ್ರಾಣಿಗಳಿಗೆಲ್ಲ ಎರಡು ಪದದ ಹೆಸರು ಕೊಟ್ಟ ಪುಸ್ತಕದಲ್ಲೇ ಇದೂ ಇದೆ. ಆತ ಭಾರತಕ್ಕೆ ಕಾಲಿಟ್ಟೋನಲ್ಲ, ಹಡಗಲ್ಲಿ ಹೋದ ಒಣ ಹುಳಗಳನ್ನ ನೋಡಿ ಹೆಸರಿಟ್ಟ ಕಾಲ ಅದು. ಅಷ್ಟು ಹಿಂದೆಯೇ ಯುರೋಪಿಗೆ ಗೊತ್ತಿದ್ದ ನಮ್ಮ ಹುಳವನ್ನ ಇವತ್ತು ನಮ್ಮೂರಿನೋರೇ ನೋಡಿ ಆಫ್ರಿಕಾದ್ದು ಅನ್ನೋದು ನನಗೆ ನಿಜವಾಗ್ಲೂ ಬೇಜಾರಿನ ವಿಷಯ, ಗ್ರೂಪಲ್ಲಿ ಹೇಳಿದವ್ರ ಮೇಲೆ ಸಿಟ್ಟಲ್ಲ, ನಮ್ಮ ಹುಳಗಳ ಬಗ್ಗೆ ನಮ್ಮ ಭಾಷೇಲಿ ಓದೋಕೆ ಸಿಗೋದೇ ಅಷ್ಟು ಕಮ್ಮಿ.

ಆದ್ರೂ ಅವರು ಪೂರ್ತಿ ಗಾಳಿಲಿ ಗುಂಡು ಹೊಡೆದಿಲ್ಲ. ಡೆವಿಲ್ಸ್ ಫ್ಲವರ್ ಮ್ಯಾಂಟಿಸ್ ಅನ್ನೋದು ಇಡೋಲೊಮ್ಯಾಂಟಿಸ್ ಡಯಬಾಲಿಕಾ, ಪೂರ್ವ ಆಫ್ರಿಕಾದ್ದು, ಅದೂ ಇದೂ ಒಂದೇ ಕುಟುಂಬ, ಎಂಪ್ಯೂಸಿಡೇ ಅಂತ. ಆ ಕುಟುಂಬದ ಗಂಡುಗಳಿಗೆಲ್ಲ ಬಾಚಣಿಗೆ ಮೀಸೆ, ತಲೆ ಮೇಲೆ ಕೊಂಬು. ಮುಂಗಾಲಿನ ತೊಡೆಯನ್ನ ಭೂತಗನ್ನಡಿಯಲ್ಲಿ ನೋಡಿದ್ರೆ ಒಂದು ಉದ್ದ ಮುಳ್ಳು, ನಡುವೆ ಕೆಲವು ಗಿಡ್ಡ ಮುಳ್ಳು, ಮತ್ತೆ ಒಂದು ಉದ್ದ ಹೀಗೆ ಸಾಲಾಗಿ ಕಾಣತ್ತೆ, ಅದೂ ಈ ಮನೆತನದ ಗುರುತು. ಆಫ್ರಿಕಾದ್ದು ದಪ್ಪ ಮೈ, ಹಸಿರು ಬಿಳಿ ಮಿಶ್ರ ಬಣ್ಣ, ಎದೆ ಗುರಾಣಿ ತುಂಬಾ ಅಗಲ, ಹೆದರಿಸೋಕೆ ಮುಂಗಾಲು ಎತ್ತಿದ್ರೆ ಕೆಂಪು ನೀಲಿ ಕಪ್ಪು ಎಲ್ಲ ಕಾಣತ್ತೆ. ನಿಮ್ಮದರ ಕಡ್ಡಿ ಕತ್ತು ಅದಕ್ಕಿಲ್ಲ. ಇದೇ ಕುಟುಂಬದ ಎಂಪ್ಯೂಸಾ ಅನ್ನೋವು ನಮ್ಮ ದೇಶದ ವಾಯವ್ಯದ ಒಣ ಭಾಗದಲ್ಲಿವೆ, ಅವಕ್ಕೂ ಕೊಂಬಿದೆ, ಆದ್ರೆ ಎದೆ ತುದಿಗೆ ಇಂಥಾ ಅಗಲ ಎಲೆ ಇಲ್ಲ.

ನಮ್ಮ ಕಡೆ ನಿಜವಾಗ್ಲೂ ಮೋಸ ಹೋಗೋದು ಬೇರೆ ಕಡೆ. ಹುಲ್ಲಲ್ಲಿ ಇರೋ ಸ್ಕಿಜೋಸೆಫಲಾ ಅನ್ನೋ ಒಂದು ಸೂರ್ಯನ ಕುದುರೆ ಇದೆ, ಕಡ್ಡಿಗಿಂತ ಕಡ್ಡಿ, ಕಣ್ಣೇ ಮುಂದಕ್ಕೆ ಚೂಪಾಗಿ ಕೊಂಬಿನಂಗಿರತ್ತೆ, ಜನ ಅದನ್ನ ನೋಡಿ ಪಿಟೀಲು ಅಂತಾರೆ, ಆದ್ರೆ ಮೈ ಮೇಲೆ ಎಲ್ಲೂ ಎಲೆ ಇರಲ್ಲ. ಕಡ್ಡಿ ಹುಳ ಅಂತ ಇನ್ನೊಂದು ಬಳಗವೇ ಇದೆ, ಅವು ಸೊಪ್ಪು ತಿನ್ನೋವು, ಬೇಟೆ ಹಿಡಿಯೋ ಮುಳ್ಳಿನ ಮುಂಗಾಲು ಇರೋದೇ ಇಲ್ಲ, ಅಲ್ಲಿಗೆ ಮಾತು ಮುಗೀತು. ಮರಿಗಳ ವಿಷಯದಲ್ಲಿ ಮಾತ್ರ ಹುಷಾರು, ಪಿಟೀಲಿನ ಮರಿಗೆ ರೆಕ್ಕೆ ಇರಲ್ಲ, ಹೊಟ್ಟೆಯನ್ನ ಚೇಳಿನ ಬಾಲದ ಥರ ಮೇಲಕ್ಕೆ ಸುರುಳಿ ಮಾಡ್ಕೊಂಡಿರತ್ತೆ, ಒಣ ಎಲೆ ಮುದುರಿದಂಗೆ ಕಾಣತ್ತೆ, ಆದ್ರೆ ಕಡ್ಡಿ ಕತ್ತು ಮಾತ್ರ ಮರಿಯಲ್ಲೂ ಇರತ್ತೆ.

ಇನ್ನು ವಿಷದ ಮಾತು. ಯಾವ ಸೂರ್ಯನ ಕುದುರೆಗೂ ವಿಷ ಇಲ್ಲ, ಕೊಂಡಿ ಇಲ್ಲ, ವಿಷದ ಹಲ್ಲಿಲ್ಲ. ಬಿಗಿಯಾಗಿ ಹಿಡಿದ್ರೆ ಮುಂಗಾಲಿನ ಮುಳ್ಳು ಬೆರಳಿಗೆ ಚುಚ್ಚಬಹುದು, ದೊಡ್ಡ ಹಸಿರು ಜಾತಿಗಳು ಕಚ್ಚಲೂಬಹುದು, ಅದು ಗುಲಾಬಿ ಮುಳ್ಳು ತಾಗಿದಷ್ಟೇ. ಪಿಟೀಲಂತೂ ಈ ಬಳಗದಲ್ಲೇ ಸಾಧು, ತೂಗಾಡಿ ತೂಗಾಡಿ ನಾನು ಎಲೆ ಅಷ್ಟೇ ಅಂತ ನಂಬಿಸೋಕೆ ನೋಡತ್ತೆ, ಆಗ್ಲಿಲ್ಲ ಅಂದ್ರೆ ಹಾರಿ ಹೋಗತ್ತೆ.

ಹಂಗಂತ ನಿಮ್ಮತ್ತೆ ಸುಳ್ಳು ಹೇಳ್ತಿದಾರೆ ಅಂತ ನಾನು ಹೇಳಲ್ಲ, ಅವರು ಮೇಕೆ ಸತ್ತಿದ್ದನ್ನ ಕಣ್ಣಾರೆ ನೋಡಿರ್ತಾರೆ, ಹುಳ ನೋಡಿದ್ದೂ ನಿಜ ಇರತ್ತೆ. ಮಳೆ ಬಿದ್ದು ಹಸಿರು ಏಳೋ ಕಾಲಕ್ಕೆ ಹುಳುಹುಪ್ಪಟೆನೂ ಜಾಸ್ತಿ ಆಗತ್ತೆ, ಅದೇ ಹೊತ್ತಿಗೆ ಮೇಕೆ ಕುರಿ ಬರೀ ಒಣ ಮೇವಿಂದ ಎಳೆ ಹಸಿರಿಗೆ ಒಮ್ಮೆಗೇ ಬಾಯಿ ಹಾಕ್ತವೆ, ಹೊಟ್ಟೆ ಉಬ್ಬರ ಬರೋದು ಆಗ. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದ ಪೈರು, ಕಟಾವಾದ ಮೇಲೆ ಕೂಳೆಯಲ್ಲಿ ಬರೋ ಚಿಗುರು, ಅದರಲ್ಲಂತೂ ಸಯನೈಡ್ ಥರದ ವಿಷವೇ ಇರತ್ತೆ, ತಿಂದ ಸ್ವಲ್ಪ ಹೊತ್ತಿಗೇ ದನ ಮೇಕೆ ಬೀಳ್ತವೆ. ಜೋಳ ಬೆಳೆಯೋ ಹಳೇ ರೈತರಿಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದ ಶುರುವಿನಲ್ಲಿ ಕರುಳುಬೇನೆನೂ ಕುರಿ ಮೇಕೆಗಳನ್ನ ರಾತ್ರೋರಾತ್ರಿ ತೆಗೆಯತ್ತೆ, ಅದಕ್ಕೆ ಮುಂಚೆನೇ ಲಸಿಕೆ ಹಾಕಿಸ್ಬೇಕು. ಮೇವಲ್ಲಿ ಕಂಡ ಹುಳದ ಮೇಲೆ ಆಪಾದನೆ ಹೋಗತ್ತೆ, ನಿಜವಾದ ಕಾರಣ ಹಂಗೇ ಉಳ್ಕೊಳತ್ತೆ, ಮುಂದಿನ ವರ್ಷ ಮತ್ತೆ ಒಂದು ಮೇಕೆ ಹೋಗತ್ತೆ. ಅದಕ್ಕೇ ಇದನ್ನ ಇಷ್ಟು ಬಿಡಿಸಿ ಹೇಳಿದ್ದು, ಹುಳ ಉಳಿಸೋಕೆ ಮಾತ್ರ ಅಲ್ಲ. ಮೇಕೆ ಹೊಟ್ಟೆ ಉಬ್ಬಿದ್ರೆ ಹುಳ ಹುಡುಕ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ, ಹಿಂದಿನ ಎರಡು ದಿನ ಎಲ್ಲಿ ಮೇಯ್ತು ಅಂತ ನೆನಪು ಮಾಡ್ಕೊಂಡು ಹೇಳಿ.

ಮಗಳು ಕೇಳಬಹುದು, ಹೆಣ್ಣು ಗಂಡನ್ನ ತಿಂದುಬಿಡತ್ತಂತೆ ಹೌದಾ ಅಂತ. ಕೆಲವು ಜಾತಿಗಳಲ್ಲಿ, ಹೆಣ್ಣು ಹಸಿದಿದ್ದಾಗ, ಅದೂ ಪಂಜರದಲ್ಲಿ ಓಡಿಹೋಗೋಕೆ ಜಾಗ ಇಲ್ಲದಾಗ ಜಾಸ್ತಿ ನಡೆಯತ್ತೆ. ಪಿಟೀಲಿನಲ್ಲಿ ಇದು ಅಪರೂಪ, ಹೊಟ್ಟೆ ತುಂಬಿದ್ರೆ ಹತ್ತಾರು ಒಟ್ಟಿಗೆ ಒಂದೇ ಗಿಡದಲ್ಲಿ ಇರಬಲ್ಲವು, ಸೂರ್ಯನ ಕುದುರೆಗಳಲ್ಲಿ ಇದು ದೊಡ್ಡ ವಿಶೇಷ.

ಈಗ ಎಲ್ಲೆಲ್ಲಿದೆ ಅನ್ನೋ ಪ್ರಶ್ನೆ. ಜಗತ್ತಲ್ಲಿ ಸೂರ್ಯನ ಕುದುರೆಗಳ 2,400ಕ್ಕೂ ಹೆಚ್ಚು ಜಾತಿ ಗೊತ್ತಿದೆ, ಭಾರತದಲ್ಲೇ 160ಕ್ಕೂ ಮೇಲೆ. ಅದರಲ್ಲಿ ಪಿಟೀಲು ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು. ಹಳೇ ಪುಸ್ತಕಗಳಲ್ಲಿ ಬರ್ಮಾ, ಜಾವಾ ಅಂತೆಲ್ಲ ಸೇರಿಸಿದಾರೆ, ಆದ್ರೆ ಮತ್ತೆ ಮತ್ತೆ ಸಿಗ್ತಾ ಇರೋದು ನಮ್ಮ ಪರ್ಯಾಯದ್ವೀಪದಲ್ಲಿ ಮತ್ತು ಲಂಕಾದಲ್ಲಿ. ಮಲೆನಾಡಿನ ದಟ್ಟ ಮಳೆಕಾಡು ಇದಕ್ಕೆ ಆಗಿಬರಲ್ಲ. ಬಿಸಿಲು ಬೇಕು, ಒಣ ಗಾಳಿ ಬೇಕು, ಮುಳ್ಳುಗಿಡ, ಜಾಲಿ, ಬಂದರಿ, ತಂಗಡಿ, ಕವಳೆ ಇಂಥ ಗಿಡ್ಡ ಪೊದೆ ಬೇಕು, ಅಲ್ಲಿ ಹಾರೋ ನೊಣ ಚಿಟ್ಟೆ ಪತಂಗ ಬೇಕು. ಎಲೆ ಉದುರಿದ ಕಾಡಲ್ಲೇ ತರಗೆಲೆ ವೇಷಕ್ಕೆ ಬೆಲೆ, ಹಚ್ಚ ಹಸಿರು ಕಾಡಲ್ಲಿ ಈ ಬಣ್ಣ ಎದ್ದು ಕಂಡು ಹಕ್ಕಿ ಬಾಯಿಗೆ ಹೋಗತ್ತೆ. ಹಂಗಾಗಿ ಬಯಲುಸೀಮೆಯ ಗುಡ್ಡಗಳಲ್ಲಿ ಇದು ಇರೋದ್ರಲ್ಲಿ ಆಶ್ಚರ್ಯ ಇಲ್ಲ, ಆಶ್ಚರ್ಯ ಏನಂದ್ರೆ ಈ ಹುಳ ಸಿಕ್ಕಿದ ಜಾಗಕ್ಕೆಲ್ಲ ಚುಕ್ಕೆ ಹಾಕಿರೋ ನಕ್ಷೆ ತೆಗೆದು ನೋಡಿದ್ರೆ ಅಲ್ಲಿ ಚುಕ್ಕೆಗಳು ಇಷ್ಟು ಕಮ್ಮಿ ಇರೋದು.

ಈ ನಕ್ಷೆಗಳು ಹೆಂಗಾಗ್ತವೆ ಅಂತ ಸ್ವಲ್ಪ ಹೇಳ್ಬೇಕು. ಹುಳ ಎಲ್ಲಿದೆಯೋ ಅಲ್ಲಿ ಚುಕ್ಕೆ ಬೀಳಲ್ಲ, ಹುಳ ನೋಡಿ ಬರೆದಿಟ್ಟೋರು ಎಲ್ಲಿದಾರೋ ಅಲ್ಲಿ ಬೀಳತ್ತೆ. ದೊಡ್ಡ ಊರು, ಯೂನಿವರ್ಸಿಟಿ, ಪ್ರವಾಸಿಗಳು ಹೋಗೋ ಅಭಯಾರಣ್ಯ, ಇವುಗಳ ಸುತ್ತ ಚುಕ್ಕೆ ಗುಂಪು ಗುಂಪಾಗಿರತ್ತೆ, ನಡುವೆ ನೂರಾರು ಕಿಲೋಮೀಟರ್ ಖಾಲಿ. ಆ ಖಾಲಿ ಜಾಗ ನೋಡಿ ಅಲ್ಲಿ ಏನೂ ಇಲ್ಲ ಅಂದ್ಕೊಳೋದು ಬಹಳ ದೊಡ್ಡ ತಪ್ಪು. ನಿಮ್ಮ ಮನೆ ಹಿಂದಿನಂಥ ಕುರುಚಲು ಸರ್ಕಾರಿ ಕಾಗದದಲ್ಲಿ ಎಷ್ಟೋ ಕಡೆ ಬಂಜರು ಅಂತ ಬರೆಸ್ಕೊಂಡಿರತ್ತೆ, ಬಂಜರು ಅಂದ್ಮೇಲೆ ಜೆಸಿಬಿ ಬಂದ್ರೂ ಯಾರೂ ಕೇಳಲ್ಲ, ಗಿಡ ನೆಡ್ತೀವಿ ಅಂತ ಇದ್ದ ಮುಳ್ಳುಪೊದೆ ಕಿತ್ತು ನೀಲಗಿರಿ ಸಾಲು ನೆಟ್ರೂ ಅದು ಒಳ್ಳೇ ಕೆಲಸ ಅಂತಾನೇ ಲೆಕ್ಕ. ಪಿಟೀಲು ಬದುಕೋದು ಆ ಮುಳ್ಳುಪೊದೆಯಲ್ಲೇ. ಇಲ್ಲಿ ಇಂಥ ಹುಳ ಇದೆ ಅಂತ ತಾರೀಕು, ಜಾಗ, ಫೋಟೋ ಸಮೇತ ಒಂದು ದಾಖಲೆ ಇದ್ರೆ ಮಾತಾಡೋಕೆ ಒಂದು ಆಧಾರ ಸಿಗತ್ತೆ. ಅದಕ್ಕೇ ನಿಮ್ಮ ಮೂರು ಫೋಟೋ ನನಗೆ ಅಷ್ಟು ಮುಖ್ಯ.

ಹಂಗಾದ್ರೆ ಏನ್ ಮಾಡ್ಬೇಕು. ಹುಳವನ್ನ ಬಿಟ್ಟುಬಿಡಿ ಅನ್ನೋದೇ ನನ್ನ ಸಲಹೆ, ಆದ್ರೆ ಬಿಡೋದ್ರಲ್ಲೂ ಒಂದು ಕ್ರಮ ಇದೆ. ಮೊದಲು ಫೋಟೋ, ಮೇಲಿಂದ ಒಂದು, ಪಕ್ಕದಿಂದ ಒಂದು, ಕೆಳಗಿಂದ ಒಂದು, ಮುಖ ಮೀಸೆ ಹತ್ರದಿಂದ ಒಂದು, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು. ಕೂತಿದ್ದ ಗಿಡ ಅಥವಾ ಗೋಡೆ ಕಾಣೋ ಹಂಗೆ ಇನ್ನೊಂದು ಇದ್ರೆ ಇನ್ನೂ ಒಳ್ಳೇದು. ಮೊಬೈಲ್ ಲೊಕೇಶನ್ ಆನ್ ಇರ್ಲಿ, ತಾರೀಕು, ಸಿಕ್ಕಿದ ಹೊತ್ತು ಬರೆದಿಡಿ. ಜನ ತಾವು ನೋಡಿದ ಜೀವಿಗಳ ಫೋಟೋ ದಾಖಲಿಸೋ ವೆಬ್‌ಸೈಟ್‌ಗಳಿವೆ, ಐನ್ಯಾಚುರಲಿಸ್ಟ್ ಆಗ್ಲಿ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಆಗ್ಲಿ, ಎರಡರಲ್ಲೊಂದಕ್ಕೆ ಹಾಕಿ, ಮಗಳ ಕೈಲೇ ಹಾಕಿಸಿ. ಮನೆ ಜಾಗ ಎಲ್ಲರಿಗೂ ಕಾಣೋದು ಬೇಡ ಅಂದ್ರೆ ಅಲ್ಲೇ ಮಸುಕು ಮಾಡೋ ಆಯ್ಕೆ ಇದೆ. ಆಮೇಲೆ ಸಂಜೆ ಕತ್ತಲಾಗೋ ಹೊತ್ತಿಗೆ ಜಗಲಿ ಲೈಟ್ ಆಫ್ ಮಾಡಿ, ಮನೆಗೆ ಹತ್ತಿರದ ಪೊದೆ ಒಳಗೆ, ನೆಲಕ್ಕಲ್ಲ, ಸೊಂಟದ ಎತ್ತರದ ಕೊಂಬೆಗೆ ಹತ್ತಿಸಿ. ಹಿಡಿಯೋಕೆ ಬೆರಳಲ್ಲಿ ಅದುಮಬೇಡಿ, ಕಾಲು ಉದುರತ್ತೆ, ಎದುರಿಗೆ ಒಂದು ಕಡ್ಡಿ ಹಿಡಿದು ಹಿಂದಿನಿಂದ ಮೆತ್ತಗೆ ಮುಟ್ಟಿದ್ರೆ ತಾನೇ ಹತ್ತತ್ತೆ. ಹಗಲು ಬಯಲಲ್ಲಿ ಬಿಟ್ರೆ ಮೈನಾನೋ ಕಾಜಾಣಾನೋ ಎತ್ಕೊಂಡು ಹೋಗತ್ತೆ.

ದೂರ ತಗೊಂಡು ಹೋಗಿ ಒಳ್ಳೇ ಕಾಡಲ್ಲಿ ಬಿಡ್ತೀವಿ ಅಂತ ಕೆಲವರು ಹೇಳ್ತಾರೆ, ಪ್ರೀತಿಯಿಂದಾನೇ ಹೇಳ್ತಾರೆ, ಆದ್ರೆ ಬೇಡ. ಅದಕ್ಕೆ ಒಳ್ಳೇ ಕಾಡು ಇದೇ. ಜಾಗ ಬದಲಾಯಿಸಿದ್ರೆ ಅದಕ್ಕೂ ಕಷ್ಟ, ನಾಳೆ ಅಲ್ಲಿ ಯಾರೋ ನೋಡಿ ಚುಕ್ಕೆ ಹಾಕಿದ್ರೆ ನಕ್ಷೆಯೂ ಸುಳ್ಳಾಗತ್ತೆ.

ಇಟ್ಕೊಂಡು ಸಾಕೋದು ಆಗಲ್ವಾ ಅಂದ್ರೆ, ಆಗತ್ತೆ, ಸುಲಭ ಅಲ್ಲ. ಬಾಟಲಿ ಇದಕ್ಕೆ ಕೊಲೆ ಇದ್ದಂಗೆ, ಗಾಳಿ ಆಡಲ್ಲ, ಗಾಜಿಗೆ ಕಾಲು ನಿಲ್ಲಲ್ಲ. ಬಲೆ ಗೋಡೆಯ ಎತ್ತರದ ಗೂಡು ಬೇಕು, ಮರಿಗಳಾದ್ರೆ ಇನ್ನೂ ಎತ್ತರ ಬೇಕು, ಯಾಕಂದ್ರೆ ಅವು ಚಾವಣಿಗೆ ತಲೆಕೆಳಗೆ ನೇತಾಡಿ ಪೊರೆ ಬಿಡ್ತವೆ, ಕೆಳಗೆ ಜಾಗ ಸಾಲದಿದ್ರೆ ಸೊಟ್ಟ ಆಗಿ ಸಾಯ್ತವೆ. ಹಗಲು 30 ಡಿಗ್ರಿ ಮೇಲೆ ಬಿಸಿ ಬೇಕು. ಊಟ ಇನ್ನೊಂದು ತಲೆನೋವು, ನಿಮ್ಮ ಮಗಳು ಬಿಟ್ಟ ಮಿಡತೆ ಯಾಕೆ ತಿನ್ನಲಿಲ್ಲ ಗೊತ್ತಾ, ಪಿಟೀಲು ಹಾರೋ ಬೇಟೆಗೆ ಹೇಳಿ ಮಾಡಿಸಿದ ಹುಳ, ಸಣ್ಣ ಮುಂಗಾಲು, ಗಾಳಿಯಲ್ಲಿ ಬರೋ ನೊಣ, ಪತಂಗ ಹಿಡಿಯತ್ತೆ, ನೆಲದಲ್ಲಿ ಒದ್ದಾಡೋ ಮಿಡತೆ ಕಂಡ್ರೆ ಹಿಂದೆ ಸರಿಯತ್ತೆ. ಹುಲ್ಲಂತೂ ಇದರ ಊಟಾನೇ ಅಲ್ಲ. ಹೆಸರು ಕುದುರೆ ಅಂತಿದ್ರೂ, ಮಿಡತೆ ಥರ ಕಂಡ್ರೂ, ಇದು ಸಂಬಂಧದಲ್ಲಿ ಜಿರಲೆ ಗೆದ್ದಲುಗಳಿಗೆ ಹತ್ತಿರ, ಬಾಳುವೆಯಲ್ಲಿ ಪೂರ್ತಿ ಬೇಟೆಗಾರ. ನಿಮ್ಮದು ಬೆಳೆದ ಗಂಡು ಬೇರೆ, ಅದರ ಆಯಸ್ಸಲ್ಲಿ ಉಳಿದಿರೋದು ಸ್ವಲ್ಪ ದಿನ, ಅದನ್ನ ಹೆಣ್ಣು ಹುಡುಕೋಕೆ ಬಿಡೋದೇ ಸರಿ. ಮಗಳಿಗೆ ನೋಡೋ ಆಸೆ ಇದ್ರೆ ಒಂದು ದಿನ ಸೊಳ್ಳೆಪರದೆ ಬಟ್ಟೆ ಒಳಗೆ ಒಂದು ಒಣ ಕೊಂಬೆ ಇಟ್ಟು, ನಾಲ್ಕು ನೊಣ ಬಿಟ್ಟು, ಬೇಟೆ ನೋಡಿಸಿ, ಕೊಂಬೆಗೆ ಒಂದೆರಡು ಹನಿ ನೀರು ಚಿಮುಕಿಸಿ, ಸಂಜೆ ಬಿಟ್ಟುಬಿಡಿ. ಹಿತ್ತಲಿಂದ ನೊಣ ಹಿಡೀರಿ ಆದ್ರೆ ಔಷಧಿ ಹೊಡೆದ ಜಾಗದ್ದು ಬೇಡ, ಅದನ್ನ ತಿಂದು ಇದೂ ಸಾಯತ್ತೆ.

ದುಡ್ಡು ಕೊಡ್ತೀನಿ ಅಂದವ್ರಿಗೆ ಕೊಡಬೇಡಿ. ನಾನು ಇದನ್ನ ಬರೀ ಕಾನೂನಿನ ಭಯಕ್ಕೆ ಹೇಳ್ತಿಲ್ಲ, ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದ ಒಳಗಿಂದ ಅನುಮತಿ ಇಲ್ಲದೆ ಒಂದು ಹುಳ ಎತ್ತಿದ್ರೂ ತಪ್ಪೇ ಅನ್ನೋದು ಬೇರೆ ಮಾತು. ವಿದೇಶಗಳಲ್ಲಿ ಈ ಹುಳ ಸಾಕೋ ಹುಚ್ಚಿರೋರು ಬಹಳ ಜನ ಇದಾರೆ, ಒಂದು ಸಲ ಈ ಜಾಗದಲ್ಲಿ ಸಿಗತ್ತೆ, ದುಡ್ಡು ಬರತ್ತೆ ಅಂತ ಸುದ್ದಿ ಆದ್ರೆ ಗುಡ್ಡದ ಪೊದೆ ಪೊದೆ ಜಾಲಾಡ್ತಾರೆ, ಹೆಣ್ಣು ಮರಿ ಮೊಟ್ಟೆ ಎಲ್ಲ ಹೋಗತ್ತೆ. ಈ ಕಾರಣಕ್ಕೇ ಗ್ರೂಪಲ್ಲಿ ನಿಖರವಾದ ಜಾಗ ಹಾಕಬೇಡಿ, ಈಗಾಗ್ಲೇ ಹಾಕಿದ್ರೆ ತೆಗೆದುಬಿಡಿ.

ಗ್ರೂಪಲ್ಲಿ ಆಫ್ರಿಕಾದ್ದು ಅಂದವ್ರು ಹೇಳಿದಂಗೆ ಇದು ನಿಜವಾಗ್ಲೂ ತಪ್ಪಿಸಿಕೊಂಡು ಬಂದ ವಿದೇಶಿ ಹುಳ ಆಗಿದ್ರೆ ನನ್ನ ಉತ್ತರ ತಿರುಗಿ ಇರ್ತಿತ್ತು, ಬಿಡಬೇಡಿ ಅಂತಿದ್ದೆ. ಪರದೇಶದ ಸೂರ್ಯನ ಕುದುರೆ ಊರಿಗೆ ಸೇರಿಕೊಂಡ್ರೆ ಏನಾಗತ್ತೆ ಅಂತ ನ್ಯೂಜಿಲೆಂಡ್ ನೋಡಿದೆ, 1978ರಲ್ಲಿ ಆಕ್ಲೆಂಡಲ್ಲಿ ದಕ್ಷಿಣ ಆಫ್ರಿಕಾದ ಒಂದು ಜಾತಿ ಕಾಣಿಸಿಕೊಳ್ತು, ಆಮೇಲೆ ಗೊತ್ತಾಗಿದ್ದು ಏನಂದ್ರೆ ಅಲ್ಲಿನ ಸ್ಥಳೀಯ ಜಾತಿಯ ಗಂಡುಗಳು ಆ ಹೊರಗಿನ ಹೆಣ್ಣಿನ ವಾಸನೆಗೆ ಮರುಳಾಗಿ ಹತ್ರ ಹೋಗ್ತವೆ, ಅದು ತಿಂದುಹಾಕತ್ತೆ. ಅದಕ್ಕೇ ಮೊದಲು ಗುರುತು, ಆಮೇಲೆ ಬಿಡೋ ಮಾತು. ನಿಮ್ಮದರಲ್ಲಿ ಗುರುತು ಪಕ್ಕಾ ಇದೆ.

ಕೊನೇದಾಗಿ ಜಾಲಿ ಕೊಂಬೆಯ ಉಂಡೆ. ಅದು ಸೂರ್ಯನ ಕುದುರೆಯದೇ ಮೊಟ್ಟೆಗೂಡು, ಆದ್ರೆ ಪಿಟೀಲಿಂದು ಅಲ್ಲ ಅನ್ಸತ್ತೆ. ಪಿಟೀಲು ಇಡೋ ಗೂಡು ಸಣ್ಣದು, ಅದರಿಂದ ಕೆಲವು ಹತ್ತು ಮರಿ ಅಷ್ಟೇ ಬರೋದು. ನಿಂಬೆಹಣ್ಣಿಗೆ ಹೋಲಿಸೋಷ್ಟು ದಪ್ಪ ನೊರೆ ಉಂಡೆ ಅಂದ್ರೆ ಅದು ಹೈರೊಡ್ಯೂಲಾ ಇರಬೇಕು, ನೀವು ತೋಟದಲ್ಲಿ ಯಾವಾಗ್ಲೂ ನೋಡೋ ದೊಡ್ಡ ಹಸಿರು ಸೂರ್ಯನ ಕುದುರೆ, ಮಡಚಿದ ರೆಕ್ಕೆಯ ಎರಡೂ ಪಕ್ಕ ಒಂದೊಂದು ಬಿಳಿ ಚುಕ್ಕೆ ಇರತ್ತಲ್ಲ, ಅದು. ಅದರಿಂದ ನೂರಕ್ಕೂ ಹೆಚ್ಚು ಮರಿ ಒಟ್ಟಿಗೆ ಇಳೀತವೆ. ಕೊಂಬೆ ಕಡೀಬೇಡಿ, ಒಳಗೆ ತಂದು ಇಡಬೇಡಿ, ಒಂದು ಬೆಳಿಗ್ಗೆ ಮನೆ ತುಂಬಾ ಸೊಳ್ಳೆಯಷ್ಟು ಮರಿ ಓಡಾಡ್ತವೆ, ತಿನ್ನೋಕೆ ಏನೂ ಸಿಗದೆ ಒಂದನ್ನೊಂದು ಹಿಡೀತವೆ. ಮಗಳಿಗೆ ಭೂತಗನ್ನಡಿ ಕೊಟ್ಟು ಗೂಡಿನ ಮೇಲ್ಮೈ ನೋಡೋಕೆ ಹೇಳಿ. ಗುಂಡುಪಿನ್ನಿನ ಮೊನೆಯಷ್ಟು ದುಂಡನೆ ತೂತುಗಳು ಅಲ್ಲಲ್ಲಿ ಕಂಡ್ರೆ ಮರಿ ಹೊರಗೆ ಬಂದಿದ್ದಲ್ಲ, ಪೊಡಾಗ್ರಿಯಾನ್ ಅನ್ನೋ ಪುಟ್ಟ ಕಣಜ ಮೊಟ್ಟೆ ಒಳಗೇ ಬೆಳೆದು ಕೊರೆದುಕೊಂಡು ಬಂದಿದ್ದು. ತೂತಿಲ್ಲ, ಮಧ್ಯದ ಪಟ್ಟಿಯಲ್ಲಿ ಕೂದಲಿನಂಥ ಎಳೆ ಜೋತಾಡ್ತಿದೆ ಅಂದ್ರೆ ಮರಿ ಆಗ್ಲೇ ಇಳಿದು ಹೋಗಿವೆ. ಎರಡೂ ಇಲ್ಲ ಅಂದ್ರೆ ಇನ್ನೂ ಒಳಗಿವೆ, ಬೆಳಿಗ್ಗೆ ಬೆಳಿಗ್ಗೆ ನೋಡ್ತಾ ಇರಿ, ಬೇಲಿಗೆ ಆ ಕಡೆ ಮಾತ್ರ ಒಂದೆರಡು ತಿಂಗಳು ಔಷಧಿ ಹೊಡೀಬೇಡಿ. ಗೂಡಿನ ಒಂದು ಹತ್ತಿರದ ಫೋಟೋ ಕಳಿಸಿ, ಯಾವ ಹಂತದಲ್ಲಿದೆ ಅಂತ ಹೇಳ್ತೀನಿ.